ಲೂನ್ ಇದೆ ಎಂದು ಹೇಳಲಾಗಿದೆ

ಸತ್ತು ಎಷ್ಟೋ ಲಕ್ಷ ವರ್ಷಗಳಾದ ಹಕ್ಕಿಯೊಂದಕ್ಕೆ ನೆಂಟರನ್ನು ಹುಡುಕಿಕೊಡಲು ಕಡೂರು, ಅಜ್ಜಂಪುರ, ತರೀಕೆರೆ ಮೂರೂ ಊರು ಸುತ್ತಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ನನ್ನ ಅಕ್ಕನ ಗಂಡ! ನಾನೇನು ಮಾಡಲಿ? ಭಾವನನ್ನು ಆರಿಸಿಕೊಳ್ಳುವ ಅಧಿಕಾರವನ್ನು ಭಾವಮೈದುನನಿಗೆ ಯಾರೂ ಯಾವ ಕಾಲದಲ್ಲೂ ಕೊಟ್ಟಿಲ್ಲ. ಹೆಣ್ಣು ನೋಡಲು ಬಂದ ದಿನವೇ ಅವರು ಉಪ್ಪಿಟ್ಟಿನ ತಟ್ಟೆಯನ್ನು ಅಂಗೈ ಮೇಲೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಅದರ ತೂಕ ಹೇಳಿದ್ದರು. ನಮ್ಮಪ್ಪ "ಹುಡುಗ ಚುರುಕಾಗಿದಾನೆ" ಅಂದರು. ಆಗಲೇ ಯಾರಾದರೂ ಅನುಮಾನಪಟ್ಟಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ನನಗೆ ಬರುತ್ತಿರಲಿಲ್ಲ.

ಭಾವ ಕಡೂರು ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತರು. ನಾನು ಹೇಳುತ್ತಿರುವುದು ಹೊಗೆ ಉಗುಳುವ ಇಂಜಿನ್ನುಗಳು ಇನ್ನೂ ಓಡಾಡುತ್ತಿದ್ದ ಎಪ್ಪತ್ತರ ದಶಕದ ಕೊನೆಯ ಮಾತು. ಪಾರ್ಸೆಲ್ ಆಫೀಸಿನಲ್ಲಿ ಒಂದು ಪದ್ಧತಿಯುಂಟು. ಕಳಿಸುವವನು ಬುಟ್ಟಿಯನ್ನು ಹೊಲಿದು ತಂದು "ಇದರಲ್ಲಿ ಮಾವಿನಹಣ್ಣಿದೆ" ಎನ್ನುತ್ತಾನೆ. ಗುಮಾಸ್ತರು ಅದನ್ನು ಬಿಚ್ಚಿ ನೋಡುವುದಿಲ್ಲ. ಹಾಗಂತ ಅವನ ಮಾತನ್ನು ನಂಬುವುದೂ ಇಲ್ಲ. ರಸೀದಿಯಲ್ಲಿ "ಮಾವಿನಹಣ್ಣು ಇದೆ ಎಂದು ಹೇಳಲಾಗಿದೆ" ಎಂದು ಬರೆದುಬಿಡುತ್ತಾರೆ. ನಾಳೆ ಬುಟ್ಟಿಯೊಳಗಿಂದ ಹಲಸಿನ ಬೀಜ ಬಂದರೂ ಗುಮಾಸ್ತರ ತಲೆಯ ಮೇಲೆ ಬರುವುದಿಲ್ಲ. ಭಾವ ಈ ಪದ್ಧತಿಯನ್ನು ಸ್ಟೇಷನ್ನಿನಲ್ಲೇ ಬಿಟ್ಟು ಬಂದಿದ್ದರೆ ಯಾರ ತಕರಾರೂ ಇರಲಿಲ್ಲ. ಅವರು ಮನೆಗೂ ತಂದರು.

ಅವರ ಕ್ವಾರ್ಟರ್ಸಿನ ಅಡುಗೆಮನೆಗೆ ಹೋದರೆ ಪ್ರತಿಯೊಂದು ಡಬ್ಬಿಯ ಮೇಲೂ ಚೀಟಿ. "ತೊಗರಿಬೇಳೆ ಇದೆ ಎಂದು ಹೇಳಲಾಗಿದೆ." "ಬೆಲ್ಲ ಇದೆ ಎಂದು ಹೇಳಲಾಗಿದೆ." ಉಪ್ಪಿನಕಾಯಿ ಜಾಡಿಯ ಮೇಲೆ "ಒಡೆಯುವ ಸಾಮಾನು, ತಲೆಕೆಳಗು ಮಾಡಕೂಡದು." ನನ್ನ ಮದುವೆಯಲ್ಲಿ ಬಂದವರನ್ನು ಇಳಿಸಿಕೊಳ್ಳುವ ಜವಾಬ್ದಾರಿ ಅವರದಾಗಿತ್ತು. ಸಿಟ್ಟಿನ ನೆಂಟರನ್ನೆಲ್ಲ "ಬೇಗ ಕೆಡುವ ಸಾಮಾನು" ಎಂದು ವಿಂಗಡಿಸಿ ಮೊದಲನೆಯ ಪಂಕ್ತಿಗೇ ಊಟಕ್ಕೆ ಕೂರಿಸಿದರು. ಇಡೀ ಮದುವೆಯಲ್ಲಿ ಒಂದೇ ಒಂದು ಜಗಳವಾಗಲಿಲ್ಲ ಎಂಬುದನ್ನು ನಾನಿಲ್ಲಿ ನ್ಯಾಯವಾಗಿ ಒಪ್ಪಿಕೊಳ್ಳಬೇಕು.

ಒಮ್ಮೆ ಅಕ್ಕ ಅವರ ಮೇಲೆ ಮುನಿಸಿಕೊಂಡು ಅಜ್ಜಂಪುರಕ್ಕೆ, ನಮ್ಮ ಮನೆಗೆ, ಬಂದುಬಿಟ್ಟಳು. "ಇನ್ನು ನಾನು ಆ ಮನೆ ಮೆಟ್ಲು ಹತ್ತಲ್ಲ" ಎಂದು ಪೆಟ್ಟಿಗೆಯನ್ನು ನಡುಮನೆಯಲ್ಲಿ ಕುಕ್ಕಿದಳು. ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಪೆಟ್ಟಿಗೆಯ ಪಕ್ಕದಲ್ಲಿ ಚೀಟಿ ಅಂಟಿಸಿತ್ತು: "ಒಡೆಯುವ ಸಾಮಾನು. ತಲುಪಿದ ಮೇಲೆ ಜೋಪಾನವಾಗಿ ಹಿಂತಿರುಗಿಸತಕ್ಕದ್ದು." ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಅಕ್ಕನಿಗೂ ತಡೆಯಲಾಗಲಿಲ್ಲ. ಮಾರನೆಯ ಬೆಳಗಿನ ಗಾಡಿಗೆ ಸಾಮಾನು ಹಿಂತಿರುಗಿತು.

ಆ ಮನೆಯಲ್ಲಿ ಒಂದೇ ಒಂದು ವಸ್ತುವಿಗೆ ಚೀಟಿ ಇರಲಿಲ್ಲ. ಅಟ್ಟದ ಮೂಲೆಯಲ್ಲಿ, ಹಳೆಯ ಸೀರೆ ಮುಚ್ಚಿಟ್ಟ ಒಂದು ತೊಟ್ಟಿಲು. ಅದರ ವಿಷಯ ನಾವ್ಯಾರೂ ಎತ್ತುತ್ತಿರಲಿಲ್ಲ.

ಇನ್ನು ಹಕ್ಕಿಯ ಕಥೆಗೆ ಬರುತ್ತೇನೆ. ಬೀರೂರು ಜಂಕ್ಷನ್ನಿನಲ್ಲಿ ಆಗಾಗ ವಾರಸುದಾರರಿಲ್ಲದ ಸಾಮಾನಿನ ಹರಾಜು ನಡೆಯುತ್ತಿತ್ತು. ತಿಂಗಳುಗಟ್ಟಲೆ ಬಿದ್ದಿದ್ದರೂ ಯಾರೂ ಕೇಳದ ಪೆಟ್ಟಿಗೆ, ಗಂಟು, ಗೋಣಿಚೀಲ. ಅಕ್ಕ ಬಹಳ ದಿನದಿಂದ ಒಂದು ತಾಮ್ರದ ಹಂಡೆ ಬೇಕೆಂದು ಹೇಳುತ್ತಿದ್ದಳು. ಇಲಾಖೆಯವರು ಹರಾಜು ಕೂಗಬಾರದಲ್ಲ, ಆದ್ದರಿಂದ ಭಾವ ಕೈಯೆತ್ತಲು ನನ್ನನ್ನು ಅಜ್ಜಂಪುರದಿಂದ ಕರೆಸಿದರು. ಭಾವ ದೂರದಲ್ಲಿ ಕಂಬಕ್ಕೆ ಒರಗಿ, ಏನೂ ಗೊತ್ತಿಲ್ಲದವರಂತೆ ಆಕಾಶ ನೋಡುತ್ತಾ ಸನ್ನೆ ಮಾಡುವುದು, ನಾನು ಕೈಯೆತ್ತುವುದು. ಒಂದು ಹಳೆಯ ಟ್ರಂಕು ಬಂತು. ಅದರ ಮೇಲಿನ ವಿಳಾಸವನ್ನು ಗೆದ್ದಲು ಪೂರ್ತಿ ತಿಂದುಹಾಕಿತ್ತು. ಇಬ್ಬರು ಹಮಾಲರು ಅದನ್ನು ಎತ್ತಿದ ರೀತಿ ನೋಡಿಯೇ ಭಾವನ ಹುಬ್ಬು ಮೇಲೇರಿತು.

"ತಾಮ್ರ ಕಣೋ. ಈ ತೂಕ ತಾಮ್ರದ್ದೇ. ಇಷ್ಟು ವರ್ಷ ನಾನೇನು ಕತ್ತೆ ಕಾಯ್ದಿದೀನಾ?" ಅಂದರು ಆಮೇಲೆ.

ಕಡೂರಿಗೆ ತಂದು ಅಕ್ಕನೆದುರು ಬೀಗ ಒಡೆದೆವು. ಮೇಲೆ ಒಂದು ಜೊತೆ ಉಣ್ಣೆಯ ಕಾಲುಚೀಲ. ಅದರ ಕೆಳಗೆ ನುಸಿಗುಳಿಗೆ. ಅದರ ಕೆಳಗೆ ಕಲ್ಲುಚಪ್ಪಡಿಯಂಥ ಒಂದು ಇಂಗ್ಲಿಷ್ ಪುಸ್ತಕ, ಹಿಂದಿನ ಕಾಲದ ಹಕ್ಕಿಗಳ ಮೂಳೆಗಳ ಬಗ್ಗೆ. ಅದರ ಕೆಳಗೆ ಮಣ್ಣಿನ ಬಣ್ಣದ ಬರಿಯ ಕಲ್ಲುಗಳು. ತಳದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ, ಅದರೊಳಗೆ ಹತ್ತಿ, ಹತ್ತಿಯೊಳಗೆ ಒಂದು ಮೂಳೆ. ಉದ್ದದಲ್ಲಿ ನನ್ನ ಅಂಗೈಯಷ್ಟು, ಕಂದುಬಣ್ಣ, ಮುಟ್ಟಿದರೆ ಕಲ್ಲು. ಅದಕ್ಕೊಂದು ಚೀಟಿ ಕಟ್ಟಿತ್ತು. ಭಾವ ಅದನ್ನು ನನ್ನ ಕೈಗೆ ಕೊಟ್ಟರು. ನಾನು ಅಜ್ಜಂಪುರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು, ಬಿ.ಎಸ್ಸಿ. ಮಾಡಿದವನು. ಬಿ.ಎಸ್ಸಿ. ಮಾಡಿದವನಿಗೆ ಪ್ರಪಂಚದ ಎಲ್ಲ ಮೂಳೆಗಳೂ ಗೊತ್ತಿರುತ್ತವೆ ಎಂದು ಅವರ ಭಾವನೆ.

ನಾನು ಓದಿ ಕನ್ನಡದಲ್ಲಿ ಹೇಳಿದೆ. "ಲೂನ್ ಅಂತ ಒಂದು ಹಕ್ಕಿ ಭಾವ. ನಿರ್ವಂಶವಾದದ್ದು. ಯಾವ ಪ್ರಭೇದ ಅನ್ನೋ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿದಾರೆ."

"ನಿರ್ವಂಶ ಅನ್ನೋ ಮಾತು ಈ ಮನೇಲಿ ಆಡ್ಬೇಡ ಕಣೋ" ಎಂದಳು ಅಕ್ಕ. ಹಂಡೆ ಬಾರದ್ದಕ್ಕೆ ಬೈಯಬೇಕಾದವಳು ಅದನ್ನು ಮರೆತು ಒಳಗೆ ಹೋದಳು. ನನ್ನ ನಾಲಿಗೆಗೆ ನಾನೇ ಶಾಪ ಹಾಕಿಕೊಂಡೆ. ಅಂದಿನಿಂದ ಆ ಮನೆಯಲ್ಲಿ ಆ ಹಕ್ಕಿಯನ್ನು "ಹೋದ ಹಕ್ಕಿ" ಎಂದೇ ಕರೆಯುವುದಾಯಿತು.

ಆದರೆ ಭಾವನಿಗೆ ಹಿಡಿದದ್ದು ಆ ಪ್ರಶ್ನಾರ್ಥಕ ಚಿಹ್ನೆ. "ನನ್ನ ಸರ್ವೀಸಿನಲ್ಲಿ ಹರಿದ ಚೀಟಿ ನೋಡಿದೀನಿ, ಸುಳ್ಳು ಚೀಟಿ ನೋಡಿದೀನಿ. ಚೀಟೀಲೇ ಪ್ರಶ್ನೆ ಕೇಳಿರೋ ಪಾರ್ಸೆಲ್ಲು ಇದೇ ಮೊದಲು ಕಣೋ" ಅಂದರು. ಯಾರೋ ಒಬ್ಬ ಪುಣ್ಯಾತ್ಮ ಎಲ್ಲೋ ಆ ಮೂಳೆಯನ್ನು ಅಗೆದು ತೆಗೆದು, ಹತ್ತಿಯಲ್ಲಿ ಸುತ್ತಿ, ಇದು ಯಾರೆಂದು ಯಾರನ್ನೋ ಕೇಳಲು ರೈಲಿಗೆ ಹಾಕಿದ್ದಾನೆ. ಅದು ದಾರಿಯಲ್ಲಿ ಅನಾಥವಾಗಿ ಬಿದ್ದಿದೆ. ಈಗ ಅದು ತನ್ನ ಕೈಗೆ ಬಂದಿದೆ. ಆದ್ದರಿಂದ ಅದಕ್ಕೊಂದು ಕುಟುಂಬ ಹುಡುಕಿ, ಹೆಸರು ಕೊಡಿಸಿ, ಆ ಪ್ರಶ್ನಾರ್ಥಕ ಚಿಹ್ನೆಯನ್ನು ಹೊಡೆದುಹಾಕುವವರೆಗೆ ತನಗೆ ನಿದ್ದೆಯಿಲ್ಲ. ಇದು ಅವರ ತರ್ಕ. ಇದರಲ್ಲಿ ತಪ್ಪೆಲ್ಲಿದೆ ಎಂದು ಹುಡುಕಲು ನಾನು ಗಣಿತವನ್ನೆಲ್ಲ ಉಪಯೋಗಿಸಿ ಸೋತೆ.

ಮೊದಲ ಅಡ್ಡಿ ಮನೆಯಲ್ಲೇ ಬಂತು.

"ಅದು ಮೂಳೆನೋ ಕಲ್ಲೋ ಒಂದು ಹೇಳ್ಬಿಡಿ" ಎಂದಳು ಅಕ್ಕ. "ಮೂಳೆ ಆದ್ರೆ ಆಚೆಗೆ ಹಾಕಿ. ಕಲ್ಲಾದ್ರೆ ಕಾಂಪೌಂಡಲ್ಲಿ ಬೇಕಾದಷ್ಟಿದಾವೆ, ಅಲ್ಲಿಗೇ ಸೇರ್ಸಿ."

"ಮೂಳೆನೇ ಆಗಿತ್ತು. ಈಗ ಕಲ್ಲಾಗೋಗಿದೆ ಕಣೇ."

"ಸತ್ತು ಎಷ್ಟು ದಿನ ಆಯ್ತಂತೆ?"

"ದಿನ ಎಲ್ಲಿ ಬಂತು? ಇಪ್ಪತ್ತೋ ಮೂವತ್ತೋ ಲಕ್ಷ ವರ್ಷ ಆಗಿರ್ಬೋದು."

ಅಕ್ಕ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಹಂಗಾದ್ರೆ ಸೂತಕ ಕಳ್ದಿರುತ್ತೆ ಬಿಡಿ. ಆದ್ರೂ ಅಡುಗೆಮನೆ ಕಡೆ ತರ್ಬೇಡಿ."

ಹೀಗೆ ರಾಜಿಯಾಗಿ ಬಿಸ್ಕತ್ತಿನ ಡಬ್ಬಿ ಜಗಲಿಯ ಗೂಡಿನಲ್ಲಿ ನೆಲೆಸಿತು. ಮೇಲೊಂದು ಹೊಸ ಚೀಟಿ: "ಲೂನ್ ಇದೆ ಎಂದು ಹೇಳಲಾಗಿದೆ." ಅಕ್ಕಪಕ್ಕದ ಕ್ವಾರ್ಟರ್ಸಿನವರು ಬಂದು ಓದಿ, ಇದು ಯಾವುದೋ ಹೊಸ ನಮೂನೆಯ ಸಾಬೂನಿರಬೇಕು ಎಂದುಕೊಂಡು ಹೋದರು.

ಪುಸ್ತಕವನ್ನು ಪ್ರತಿ ಭಾನುವಾರ ನಾನು ಓದಿ ಹೇಳಬೇಕು, ಭಾವ ಕೇಳಬೇಕು, ಅಕ್ಕ ಹೊಸಿಲಾಚೆ ಅಕ್ಕಿ ಆರಿಸುತ್ತಾ "ಕೆಲಸ ಇಲ್ಲದೋರು" ಎನ್ನಬೇಕು. ಲೂನ್ ಎನ್ನುವುದು ಚಳಿದೇಶದ ಕೆರೆಗಳ ಹಕ್ಕಿ. ಕಾಲುಗಳು ಮೈಯ ತೀರ ಹಿಂದಕ್ಕಿರುವುದರಿಂದ ನೀರಿನಲ್ಲಿ ಮುಳುಗಿ ಈಜುವುದರಲ್ಲಿ ಅದನ್ನು ಮೀರಿಸುವವರಿಲ್ಲ, ನೆಲದ ಮೇಲೆ ಎರಡು ಹೆಜ್ಜೆ ನಡೆಯಲಾರದು. ಮೊಟ್ಟೆಯಿಡಲು ಮಾತ್ರ ತೆವಳಿಕೊಂಡು ದಡಕ್ಕೆ ಬರುತ್ತದೆ. ಮರಿಗಳು ಹುಟ್ಟಿದ ಮೇಲೆ ಅವನ್ನು ಬೆನ್ನ ಮೇಲೆ ಕೂರಿಸಿಕೊಂಡು ನೀರಿನಲ್ಲಿ ತಿರುಗಾಡುತ್ತದೆ. ಪುಸ್ತಕದಲ್ಲಿ ಅದರ ಚಿತ್ರವೂ ಇತ್ತು. ಇಂದಿಗೂ ಬದುಕಿರುವ ಲೂನುಗಳಿವೆ, ಎಂದೋ ಅಳಿದುಹೋದವೂ ಇವೆ. ಅಳಿದ ಎಷ್ಟೋ ಹಕ್ಕಿಗಳ ಸಾಕ್ಷಿಗೆ ಒಂದೋ ಎರಡೋ ಮೂಳೆ. ಅವನ್ನು ಒಬ್ಬ ಪಂಡಿತ ಈ ಕುಟುಂಬಕ್ಕೆ ಸೇರಿಸುತ್ತಾನೆ, ಇನ್ನೊಬ್ಬ ಬಂದು ಎತ್ತಿ ಆ ಕುಟುಂಬಕ್ಕೆ ಹಾಕುತ್ತಾನೆ.

"ನೋಡು, ಆ ಊರಿನ ಗಾಡಿಗೆ ಹತ್ತಿಸಿದ್ದನ್ನ ಈ ಊರಲ್ಲಿ ಇಳ್ಸೋದು. ಒಬ್ಬನಾದ್ರೂ ಸರ್ಯಾಗಿ ತೂಕ ಹಾಕಿದಾನಾ?" ಎಂದು ಭಾವ ಲೊಚಗುಟ್ಟಿದರು.

ತೂಕ ಹಾಕಿಯೇ ಶುರುಮಾಡೋಣ ಎಂದು ಮೂಳೆಯನ್ನು ಪಾರ್ಸೆಲ್ ಆಫೀಸಿನ ತಕ್ಕಡಿಗೆ ಏರಿಸಿದರು. ಅಡಿಕೆಮೂಟೆ, ತೆಂಗಿನಕಾಯಿ ಮೂಟೆ ತೂಗುವ ತಕ್ಕಡಿ! ಮುಳ್ಳು ಅಲ್ಲಾಡಲಿಲ್ಲ. ಭಾವ ಮುಖ ಸಣ್ಣದು ಮಾಡಿಕೊಂಡು ಅಜ್ಜಂಪುರಕ್ಕೆ ಬಂದರು.

ನಮ್ಮ ಬೀದಿಯಲ್ಲೇ ದನದ ಡಾಕ್ಟರಿದ್ದರು. ಒಳ್ಳೆಯ ಮನುಷ್ಯ, ಆದರೆ ಕಿವಿ ಸ್ವಲ್ಪ ನಿಧಾನ, ಅಭ್ಯಾಸ ಬಹಳ ಗಟ್ಟಿ. ಭಾವ ಡಬ್ಬಿಯನ್ನು ಮುಂದಿಡುವ ಮೊದಲೇ ಕೇಳಿದರು: "ಮೇವು ತಿಂತಾ ಇದೆಯಾ?"

"ಇಲ್ಲ ಸಾರ್."

"ಎಷ್ಟು ದಿನದಿಂದ?"

"ಇಪ್ಪತ್ತು ಲಕ್ಷ ವರ್ಷದಿಂದ ಸಾರ್."

ಡಾಕ್ಟರು ಔಷಧಿ ಬರೆಯಲು ತೆಗೆದ ಪೆನ್ನನ್ನು ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಕೊನೆಗೆ ಮೂಳೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಗಂಭೀರವಾಗಿ ತೀರ್ಪು ಕೊಟ್ಟರು: "ದನದ್ದಲ್ಲ, ಕುರೀದಲ್ಲ. ಎಮ್ಮೇದಂತೂ ಅಲ್ವೇ ಅಲ್ಲ."

ನಾನು ನಗು ನುಂಗಿಕೊಳ್ಳುತ್ತಿದ್ದರೆ ಭಾವನ ಮುಖ ಅರಳಿತ್ತು. ಹೊರಗೆ ಬಂದವರೇ ನನ್ನ ಹೆಗಲು ತಟ್ಟಿದರು. "ನೋಡ್ದಾ? ಒಂದೇ ಏಟಿಗೆ ಮೂರು ಅನುಮಾನ ಪರಿಹಾರ ಆಯ್ತು."

ಈ ಉತ್ಸಾಹದಲ್ಲೇ ಅವರು ಕೆರೆಗೆ ಬಿದ್ದದ್ದು. ಬಿದ್ದದ್ದು ಎಂದರೆ ಅವರಿಗೆ ಸಿಟ್ಟು ಬರುತ್ತದೆ, ಇಳಿದದ್ದು ಎನ್ನಬೇಕು. ನಡೆದದ್ದು ಇಷ್ಟು. ಕಡೂರಿನಾಚೆಯ ಕೆರೆಯಲ್ಲಿ ಗುಳುಮುಳುಕ ಎಂಬ ಪುಟ್ಟ ಹಕ್ಕಿ ಇದೆ. ಈಗ ಕಂಡರೆ ಈಗ ಮುಳುಗಿ, ಇನ್ನೆಲ್ಲೋ ಏಳುತ್ತದೆ. ಅದಕ್ಕೂ ಲೂನಿಗೂ ನೆಂಟಸ್ತಿಕೆ ಇದೆಯೆಂದು ಕೆಲವು ಪಂಡಿತರು, ಇಲ್ಲವೆಂದು ಕೆಲವರು. ಎರಡಕ್ಕೂ ಮೊಣಕಾಲಿನ ಹತ್ತಿರ ಮೂಳೆ ಚೂಪಾಗಿ ಮೇಲೆದ್ದಿರುತ್ತದೆ. ನಮ್ಮದೂ ಕಾಲಿನ ಮೂಳೆಯೇ, ಅದಕ್ಕೂ ಹಾಗೇ ಇತ್ತು. ಯಾಕೆ ಹಾಗಿರುತ್ತದೆ? ಲೂನಿನ ತೊಡೆ ಮೈಯೊಳಗೇ ಸೇರಿಕೊಂಡಿರುತ್ತದೆ, ಅದು ಬರಿ ಪಾದದ ಕಡೆಯಿಂದ ಹಿಂದಕ್ಕೆ ಒದ್ದು ಈಜುತ್ತದೆ ಎಂದು ಪುಸ್ತಕ ಹೇಳಿತು. ಪುಸ್ತಕ ಹೇಳಿದ್ದನ್ನು ಭಾವ ನಂಬುವುದುಂಟೇ? ಅದು ಬರಿಯ "ಎಂದು ಹೇಳಲಾಗಿದೆ". ಒಂದು ಬೆಳಿಗ್ಗೆ ನನ್ನನ್ನು ದಡದಲ್ಲಿ ಸಾಕ್ಷಿಗೆ ನಿಲ್ಲಿಸಿ, ಎರಡು ತೊಡೆಯನ್ನೂ ಟವೆಲಿನಿಂದ ಬಿಗಿದು ಕಟ್ಟಿಕೊಂಡು, ಮೂಗು ಹಿಡಿದು ನೀರಿಗೆ ಇಳಿದೇಬಿಟ್ಟರು.

ಲೂನ್ ಆಗಿದ್ದರೆ ಮೇಲೆ ಬರುತ್ತಿತ್ತು. ಭಾವ ಬರಲಿಲ್ಲ. ನಾನು ಕೂಗಿಕೊಂಡೆ. ಎತ್ತು ತೊಳೆಯುತ್ತಿದ್ದ ಇಬ್ಬರು ಧುಮುಕಿ ಅವರನ್ನು ಕುತ್ತಿಗೆ ಹಿಡಿದು ಎಳೆದು ತಂದು ಮಲಗಿಸಿದರು. ಟವೆಲಿನ ಗಂಟು ನೋಡಿ ಅವರಲ್ಲಿ ಹಿರಿಯನಾದವನ ಕಣ್ಣಲ್ಲಿ ನೀರೇ ಬಂತು.

"ಏನ್ ಸ್ವಾಮಿ, ಕಾಲು ಕಟ್ಕಂಡು ಬೀಳೋವಂಥದ್ದು ಏನ್ ಬಂತು ನಿಮ್ಗೆ? ಮನೆಯಾಕೆ ಮುಖನಾದ್ರೂ ನೋಡ್ಬಾರ್ದಾ?"

"ಸಾಯೋಕಲ್ಲಯ್ಯಾ" ಎಂದರು ಭಾವ, ಬಾಯಿಂದ ಕೆರೆ ನೀರು ಸುರಿಸುತ್ತಾ. "ಹಕ್ಕಿ ಹೆಂಗೆ ಈಜುತ್ತೆ ಅಂತ ನೋಡ್ತಿದ್ದೆ."

"ಹಕ್ಕಿ ನೋಡೋಕೆ ಮ್ಯಾಕ್ ನೋಡ್ಬೇಕು ಸ್ವಾಮಿ."

ಅವರು ಭಾವನನ್ನು ಎತ್ತಿನ ಗಾಡಿಯಲ್ಲಿ ಮನೆಗೆ ತಂದು, ಅಕ್ಕನ ಕೈಗೊಪ್ಪಿಸಿ, "ಒಂದೆರಡು ದಿನ ಒಬ್ರುನ್ನೇ ಬಿಡ್ಬೇಡಿ ಅವ್ವಾ" ಎಂದು ಪಿಸುಗುಟ್ಟಿ ಹೋದರು. ಅಕ್ಕ ಬೈಯಲಿಲ್ಲ. ಒಣಬಟ್ಟೆ ತಂದು ಅವರ ತಲೆ ಒರೆಸಿದಳು. "ಆ ಹಕ್ಕಿಗೆ ಒಂದು ಗತಿ ಕಾಣ್ಸೋವರ್ಗೂ ನೀವು ಮನುಷ್ಯರಾಗಲ್ಲ ಅಲ್ವಾ?" ಎಂದಳು. ಭಾವ ಒರೆಸಿಕೊಳ್ಳುತ್ತಲೇ ತಲೆಯಾಡಿಸಿದರು. ಮುಂದಿನ ಭಾನುವಾರ ನಾನು ಪುಸ್ತಕ ತೆರೆದಾಗ, ಮರಿಯನ್ನು ಬೆನ್ನ ಮೇಲೆ ಕೂರಿಸಿಕೊಂಡ ಲೂನಿನ ಚಿತ್ರದ ಪಕ್ಕದಲ್ಲಿ ಅರಿಶಿನದ ಹೆಬ್ಬೆಟ್ಟಿನ ಗುರುತೊಂದಿತ್ತು. ನಾನು ಏನೂ ಕಾಣದವನಂತೆ ಹಾಳೆ ಮಗುಚಿದೆ.

ಉಳಿದದ್ದು ತರೀಕೆರೆ. ಅಲ್ಲಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿ ನಿವೃತ್ತರಾಗಿ ಸ್ವಂತ ಊರಿನಲ್ಲಿ ನೆಲೆಸಿದ್ದ ಹಿರಿಯ ಮೇಷ್ಟರೊಬ್ಬರಿದ್ದರು. ಬೀರೂರಿನಲ್ಲಿ ಗಾಡಿ ಬದಲಿಸಿ ಹೊರಟೆವು. ಭಾವ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದರು. ಕೆರೆ ಬಂದಾಗಲೆಲ್ಲ ಡಬ್ಬಿಯನ್ನು ಒಂದಿಷ್ಟು ಮೇಲೆತ್ತುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವರು ಹೇಳಿಬಿಡುತ್ತಿದ್ದರು, ನನಗೆ ಅದೇ ಹೆದರಿಕೆ.

ಮೇಷ್ಟರು ಡಬ್ಬಿಯ ಮೇಲಿನ ಚೀಟಿ ಓದಿದವರೇ ಮುಚ್ಚಳ ತೆಗೆಯದೆ ಹಿಂದಕ್ಕೆ ತಳ್ಳಿದರು.

"ಲೂನ್ ನಮ್ಮ ಸೀಮೆ ಹಕ್ಕಿಯಲ್ಲ ಕಣ್ರೀ. ಆದ್ದರಿಂದ ಇದು ಲೂನ್ ಅಲ್ಲ."

ಭಾವ ಕೈಮುಗಿದರು. "ಸಾರ್, ಸೇಬುಹಣ್ಣು ಕಡೂರಲ್ಲಿ ಬೆಳೆಯಲ್ಲ. ಆದ್ರೆ ನಮ್ಮ ಪಾರ್ಸೆಲ್ ಆಫೀಸಿಗೆ ವಾರಾ ವಾರಾ ಬರ್ತದೆ. ಬಂದದ್ದನ್ನ ಇಲ್ಲ ಅನ್ನೋಕಾಗುತ್ತಾ ಸಾರ್?"

ಮೇಷ್ಟರು ಜೋರಾಗಿ ನಕ್ಕರು. ಹೆಂಡತಿಗೆ ಕಾಫಿ ಹೇಳಿದರು. ಭೂತಗನ್ನಡಿ ತಂದರು. ಆಮೇಲೆ ಇಡೀ ಮಧ್ಯಾಹ್ನ ಮೂಳೆಯನ್ನೂ ಪುಸ್ತಕವನ್ನೂ ಎದುರುಬದುರು ಇಟ್ಟುಕೊಂಡು ಕೂತರು. ನನಗೆ ನಿದ್ದೆ ಬಂತು. ಭಾವ ಮಾತ್ರ ಹೆರಿಗೆ ಕೋಣೆಯ ಹೊರಗಿನವರಂತೆ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದರು.

"ನೋಡಿ" ಎಂದರು ಮೇಷ್ಟರು ಕೊನೆಗೆ. "ಗುಳುಮುಳುಕದ ಜಾತಿಗೆ ಮೊಣಕಾಲಿನ ಚಿಪ್ಪು ದೊಡ್ಡದಾಗಿ ಬೇರೆಯಾಗೇ ಇರುತ್ತೆ. ಇಲ್ಲಿ ಈ ಮೇಲೆದ್ದಿರೋ ಚೂಪು ಕಾಲಿನ ಮೂಳೆಯದೇ ಭಾಗ. ಒಂದೇ ಎರಕ. ಇದು ಲೂನಿನ ಕುಟುಂಬ. ನನಗೇನೂ ಅನುಮಾನ ಇಲ್ಲ."

ಭಾವ ಹಾಗೇ ನೆಲದ ಮೇಲೆ ಕೂತುಬಿಟ್ಟರು. "ಹಂಗಾದ್ರೆ ಮನೆ ಸಿಕ್ತು ಅನ್ನಿ. ಹೆಸರು ಸಾರ್?"

"ಅದು ನನ್ನ ಕೈಲಾಗಲ್ಲ. ಈಗ ಗೊತ್ತಿರೋ ಯಾವುದಕ್ಕೂ ಇದು ಪೂರ್ತಿ ಹೊಂದಲ್ಲ. ಹೊಸದೇ ಇರಬಹುದು. ಆದ್ರೆ ಎಲ್ಲಿ ಸಿಕ್ತು, ಯಾವ ಪದರದಲ್ಲಿ ಸಿಕ್ತು, ಏನೂ ಗೊತ್ತಿಲ್ಲ. ಇಂಥದ್ದಕ್ಕೆ ಯಾರೂ ಹೆಸರಿಡಲ್ಲ."

"ಹೆಸರಿಡದೆ ಬಿಟ್ರೆ?"

"ಬಿಟ್ರೆ ಏನು? ಶಾಸ್ತ್ರದ ಪ್ರಕಾರ ಅಂಥದ್ದೊಂದು ಇರಲೇ ಇಲ್ಲ ಅಂತ, ಅಷ್ಟೆ."

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದರು. ಆದರೆ ವಾಪಸು ಬರುವಾಗ ಭಾವ ಕಿಟಕಿಯ ಪಕ್ಕ ಕೂರಲಿಲ್ಲ. ಕೆರೆ ಬಂದರೂ ಡಬ್ಬಿ ಮೇಲೇಳಲಿಲ್ಲ. ಬೀರೂರಿನ ಪ್ಲಾಟ್‌ಫಾರಂ ಮೇಲೆ ಕಡೂರಿನ ಗಾಡಿಗೆ ಕಾಯುತ್ತಾ ಕೂತಿದ್ದಾಗ ಮುಚ್ಚಳ ತೆಗೆದು ಮೂಳೆಯನ್ನು ಅಂಗೈ ಮೇಲೆ ಇಟ್ಟುಕೊಂಡರು.

"ಇರ್ಲೇ ಇಲ್ಲ ಅಂದ್ರೆ ಹೆಂಗೋ?" ಎಂದರು. "ತಕ್ಕಡಿಗೆ ಗೊತ್ತಾಗ್ದೆ ಇರ್ಬೋದು. ಕೈಮೇಲೆ ಇಟ್ಕೊಂಡ್ರೆ ತೂಕ ಗೊತ್ತಾಗುತ್ತಲ್ಲ."

ನಾನು ಟೀ ತರುತ್ತೇನೆಂದು ಎದ್ದುಹೋದೆ.

ಭಾವನನ್ನು ಬಲ್ಲವರು ಕಥೆ ಅಲ್ಲಿಗೆ ಮುಗಿಯಿತೆಂದು ತಿಳಿಯುವುದಿಲ್ಲ. ಒಂದೇ ವಾರದಲ್ಲಿ ಅವರಿಗೆ ಹೊಸ ತರ್ಕ ಹೊಳೆಯಿತು. ಹೆಸರಿಡಲು ಪಂಡಿತರೇ ಯಾಕೆ ಬೇಕು? ನಮ್ಮ ಮನೆಗಳಲ್ಲಿ ಹೆಸರಿಡುವವರು ಯಾರು? ಯಾವ ಪಂಡಿತರನ್ನು ಕೇಳಿ ನಮ್ಮಜ್ಜಿ ನಮಗೆಲ್ಲ ಹೆಸರಿಟ್ಟಳು? ಅಕ್ಕನಿಗೆ ಒಂದು ಮಾತೂ ಹೇಳದೆ, ಸ್ಟೇಷನ್ನಿನಲ್ಲಿ, ಕ್ವಾರ್ಟರ್ಸಿನಲ್ಲಿ, ಅಜ್ಜಂಪುರದಲ್ಲಿ, ತರೀಕೆರೆಯಲ್ಲಿ ಕರೆದುಬಂದರು: "ಭಾನುವಾರ ನಮ್ಮನೇಲಿ ನಾಮಕರಣ. ದಯವಿಟ್ಟು ಬರ್ಬೇಕು."

ನೆರೆಯ ಹೆಂಗಸರು ಅಕ್ಕನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಅವರಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೂ ಕರೆದ ಮೇಲೆ ಬರಿಗೈಯಲ್ಲಿ ಹೋಗಲಾಗುತ್ತದೆಯೇ? ಭಾನುವಾರ ಒಬ್ಬರು ಗಿಲಕಿ ತಂದರು, ಒಬ್ಬರು ಕೆಂಪುದಾರದ ಅಂಚಿನ ಕುಲಾವಿ ಹೊಲಿದು ತಂದರು. ದನದ ಡಾಕ್ಟರು ಬಂದರು, "ಕರು ಹೇಗಿದೆ?" ಎಂದು ಕೇಳಿದರು. ತರೀಕೆರೆ ಮೇಷ್ಟರು ಹೊಸ ಪಂಚೆಯುಟ್ಟು ಬಂದರು. ಸ್ಟೇಷನ್ನಿನವರು ಜಗಲಿ ತುಂಬ ಕೂತು ಬಾಯಿಗೆ ಟವೆಲ್ ಒತ್ತಿಕೊಂಡು ನಗುತ್ತಿದ್ದರು. ಅಕ್ಕನಿಗೆ ವಿಷಯ ತಿಳಿದದ್ದು ಕುಲಾವಿ ಕೈಗೆ ಬಂದಾಗ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ನನ್ನ ಕಡೆ ತಿರುಗಿ, "ನೀನಾದ್ರೂ ಹೇಳ್ಬಾರ್ದಿತ್ತೇನೋ?" ಎಂದಳು. ಅಷ್ಟೇ ಹೇಳಿ ಅಡುಗೆಮನೆಗೆ ಹೋದಳು. ಹಿಂಬಾಗಿಲಿನಿಂದ ಅಜ್ಜಂಪುರದ ಗಾಡಿಗೆ ಹೊರಡುತ್ತಾಳೆ ಎಂದೇ ನಾನು ತಿಳಿದೆ. ಈ ಸಲ ಯಾವ ಚೀಟಿಯೂ ಅವಳನ್ನು ಹಿಂತಿರುಗಿಸುತ್ತಿರಲಿಲ್ಲ.

ನಡುಮನೆಯಲ್ಲಿ ಭಾವ ಒಂದು ಹಿತ್ತಾಳೆ ತಟ್ಟೆಗೆ ಅಕ್ಕಿ ಹರಡಿ, ಮೂಳೆಯನ್ನು ಅದರ ಮೇಲೆ ಮಲಗಿಸಿ, ಕೈಕಟ್ಟಿ ಕೂತಿದ್ದರು. ಮುಂದೇನು ಮಾಡಬೇಕೆಂದು ಅವರಿಗೂ ಗೊತ್ತಿರಲಿಲ್ಲ. ಗಂಡಸರಿಗೆ ಯಾರಿಗೆ ತಾನೇ ಗೊತ್ತಿರುತ್ತದೆ? ಜಗಲಿಯ ನಗು ಒಳಗೂ ಬರತೊಡಗಿತ್ತು. ಆಗ ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದಳು.

"ನಾಮಕರಣ ತಟ್ಟೇಲಿ ಮಾಡ್ತಾರೇನ್ರೀ ಯಾರಾದ್ರೂ?"

ಭಾವ ತಟ್ಟೆಯ ಅಂಚಿಗೆ ಸರಿದ ಅಕ್ಕಿಯನ್ನು ಬೆರಳಿನಿಂದ ಒಳಕ್ಕೆ ತಳ್ಳಿದರು.

"ಲೋ" ಎಂದಳು ಅಕ್ಕ ನನಗೆ. "ಅಟ್ಟ ಹತ್ತು. ತೊಟ್ಟಿಲು ಇಳ್ಸು."

ಇಷ್ಟು ಹೊತ್ತು ನಾನು ನಿಮ್ಮನ್ನು ನಗಿಸುವ ಹುರುಪಿನಲ್ಲಿ ಒಂದು ವಿಷಯವನ್ನು ಬದಿಗೆ ಸರಿಸಿಕೊಂಡೇ ಬಂದೆ. ಅಕ್ಕನಿಗೆ ಮದುವೆಯಾದ ಹೊಸದರಲ್ಲಿ ಒಂದು ಹೆಣ್ಣುಮಗು ಹುಟ್ಟಿತ್ತು. ಹೆಸರಿಡುವ ದಿನ ಗೊತ್ತುಮಾಡಿ, ತೊಟ್ಟಿಲು ಮಾಡಿಸಿ, ಎಲ್ಲರನ್ನೂ ಕರೆದಾಗಿತ್ತು. ಆ ದಿನ ಬರುವುದಕ್ಕೆ ಮುಂಚೆಯೇ ಮಗು ಹೋಯಿತು. ನಾನಾಗ ಓದಲು ಶಿವಮೊಗ್ಗದಲ್ಲಿದ್ದೆ, ಆಮೇಲೆ ಅಮ್ಮ ಹೇಳಿದ್ದು. ಹೆಸರಿಡದ ಕೂಸಿಗೆ ನಮ್ಮಲ್ಲಿ ಕರ್ಮವಿಲ್ಲ, ತಿಥಿಯಿಲ್ಲ, ಏನೂ ಇಲ್ಲ. ಹಿರಿಯರು ಸಮಾಧಾನಕ್ಕೆಂದೇ "ಹೆಸರಿಟ್ಟಿರ್ಲಿಲ್ಲವಲ್ಲ, ಹುಟ್ಟೇ ಇರ್ಲಿಲ್ಲ ಅಂದ್ಕೊಳ್ಳಿ" ಎಂದರಂತೆ. ಭಾವ ಬಟ್ಟೆಯಲ್ಲಿ ಸುತ್ತಿ, ಯಾರ ಕೈಗೂ ಕೊಡದೆ, ತಾವೇ ಎತ್ತಿಕೊಂಡು ಊರಾಚೆಗೆ ಹೋಗಿ ಮಣ್ಣುಮಾಡಿ ಬಂದರಂತೆ. ಆ ಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಆ ಕೂಸಿನ ಮಾತನ್ನು ಆ ಮನೆಯಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ಒಮ್ಮೆಯೂ ಆಡಿದ್ದಿಲ್ಲ ಎಂದು ಅಮ್ಮ ಕಣ್ಣೊರೆಸಿಕೊಂಡಿದ್ದಳು.

ನಾನು ತೊಟ್ಟಿಲನ್ನು ಇಳಿಸಿದೆ. ಜಗಲಿಯಲ್ಲಿ ನಗು ನಿಂತಿತ್ತು. ಅಕ್ಕ ಮುಚ್ಚಿದ್ದ ಸೀರೆಯನ್ನು ತೆಗೆದು ಒದರಿ, ಮಡಿಸಿ, ತೊಟ್ಟಿಲಿಗೆ ಹಾಸಿದಳು. ಅಡುಗೆಮನೆಗೆ ಬರಕೂಡದೆಂದು ತಾನೇ ತಡೆದಿದ್ದ ಆ ಮೂಳೆಯನ್ನು ಎರಡು ಕೈಯಲ್ಲೂ ಎತ್ತಿ ಮಲಗಿಸಿದಳು. ಪಕ್ಕದಲ್ಲಿ ಕುಲಾವಿ ಇಟ್ಟಳು. ಒಂದು ಮೂಳೆಗೆ ಕುಲಾವಿ! ಬೇರೆ ದಿನವಾಗಿದ್ದರೆ ಕಡೂರು ಬಿದ್ದು ಬಿದ್ದು ನಗುತ್ತಿತ್ತು. ಅವಳು ತೊಟ್ಟಿಲಿನೊಳಗೆ ಬಗ್ಗಿ, ಮೂರು ಸಲ, ತೀರ ಮೆಲ್ಲಗೆ ಒಂದು ಹೆಸರು ಹೇಳಿದಳು. ನನಗೆ ಕೇಳಿಸಲಿಲ್ಲ. ಭಾವನಿಗೆ ಕೇಳಿಸಿರಬೇಕು. ಅವರು ಶಲ್ಯದ ಚುಂಗಿನಿಂದ ಮುಖ ಮುಚ್ಚಿಕೊಂಡಿದ್ದರು.

ತರೀಕೆರೆ ಮೇಷ್ಟರು "ಏನಮ್ಮಾ ಹೆಸರು?" ಎಂದು ಕೇಳಿದರು.

"ಕರೆಯೋರು ನಾವೇ ಅಲ್ವಾ ಸಾರ್? ನಮಗೆ ಗೊತ್ತಿದ್ರೆ ಸಾಕು" ಎಂದಳು ಅಕ್ಕ.

ಸಕ್ಕರೆ, ಕೊಬ್ಬರಿ ಹಂಚಿಕೆಯಾಯಿತು. ದನದ ಡಾಕ್ಟರು ಎರಡು ಸಲ ಇಸಿದುಕೊಂಡರು. ಎಲ್ಲರೂ ಹೋದ ಮೇಲೆ ಭಾವ ಗೂಡಿನಿಂದ ಗೋಂದಿನ ಬಾಟಲಿ ತಂದರು. ಮೂಳೆಗೆ ಕಟ್ಟಿದ್ದ ಹಳೆಯ ಚೀಟಿ ಬಿಚ್ಚಿ ಅದರ ಪ್ರಶ್ನಾರ್ಥಕ ಚಿಹ್ನೆಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಹೊಸ ಚೀಟಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದರು. ಕೈ ತನ್ನ ಅಭ್ಯಾಸವನ್ನು ಬಿಡಲಿಲ್ಲ. "ಇತ್ತು ಎಂದು ಹೇಳಲಾಗಿದೆ" ಎಂದು ಬರೆದುಬಿಟ್ಟಿತ್ತು.

ಅಕ್ಕ ಅವರ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಹೇಳಲಾಗಿದೆ ಅಂತ ಯಾಕ್ರೀ? ನಾವೇ ನೋಡಿದೀವಲ್ಲ."

ಭಾವ ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ಆಮೇಲೆ ಉಳಿದ ಮಾತುಗಳನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿ, ಚೀಟಿಗೆ ಗೋಂದು ಸವರಿ, ಅದನ್ನು ಬಿಸ್ಕತ್ತಿನ ಡಬ್ಬಿಗೆ ಅಂಟಿಸದೆ ತೊಟ್ಟಿಲಿಗೆ ಅಂಟಿಸಿದರು. ಅದರಲ್ಲಿ ಒಂದೇ ಮಾತು ಉಳಿದಿತ್ತು: "ಇತ್ತು."